ದೋಣಿಗೆ ಬಾಗಿಲಿಲ್ಲ

"ಬ್ಯಾಟರಿಗೆ ಐನೂರ ಎಂಬತ್ತು. ಹಿಂದಿನ ಎರಡು ಟಯರಿಗೆ ಏಳುನೂರು. ಸೈಲೆನ್ಸರಿಗೆ ನೂರ ನಲುವತ್ತು. ಪೆಟ್ರೋಲು ಲೀಟರಿಗೆ ಏಳು ರೂಪಾಯಿ ಆಯ್ತು. ಈ ಕಾರು ಅದನ್ನು ಕುಡಿಯುವುದು ಬಾಯಾರಿದ ಎಮ್ಮೆ ನೀರು ಕುಡಿದ ಹಾಗೆ. ಕೇಳ್ತಾ ಉಂಟಾ?"

ಜೆರ್ಟ್ರೂಡ್ ಮಾವ್ಶಿ ಮಾತಾಡುತ್ತಿದ್ದದ್ದು ಎರಡು ಪಾದಗಳ ಹತ್ತಿರ. ಪಾದಗಳು ಹಳೆಯ ಫಿಯೆಟ್ ಕಾರಿನ ಅಡಿಯಿಂದ ಹೊರಗೆ ಚಾಚಿಕೊಂಡಿದ್ದವು. ಮಾವ್ಶಿಯ ಗಂಡ ಬ್ಯಾಪ್ಟಿಸ್ಟ್ ಬಾಪ್ಪು ಉಳಿದಷ್ಟೂ ಕಾರಿನ ಅಡಿಯಲ್ಲಿದ್ದರು.

ಬಲಗಾಲಿನ ಹೆಬ್ಬೆರಳು ಅಲ್ಲಾಡಿತು. "ಕೇಳ್ತಾ ಉಂಟು. ನೀನು ಹೇಳು."

"ಹೇಳಿ ಎಂತ ಪ್ರಯೋಜನ? ಆರು ತಿಂಗಳಲ್ಲಿ ಕಾರಿಗೆ ಇಷ್ಟು. ನನಗೊಂದು ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ ಬೇಕು ಅಂದರೆ ಮಾತ್ರ ಮುಂದಿನ ತಿಂಗಳು, ಮುಂದಿನ ತಿಂಗಳು."

ಮಾವ್ಶಿ ಬಲಭುಜವನ್ನು ಒತ್ತಿಕೊಂಡರು. ಕಾಪುವಿನ ಅರ್ಧ ಹುಡುಗಿಯರ ಫ್ರಾಕು ಹೊಲಿಯುವುದು ಅವರೇ. ಅವರ ಹಳೆಯ ಮಿಷನ್ನು ಕೈಯಿಂದ ತಿರುಗಿಸುವಂಥದ್ದು.

ಸೋಫಿಯಾ ನಡುವೆ ಬಾಯಿ ಹಾಕಲಿಲ್ಲ. ಅವಳು ಹಲಸಿನ ಮರದ ನೆರಳಿನಲ್ಲಿ ಕೂತು ಅಲ್ಯೂಮಿನಿಯಂ ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಬಾಪ್ಪು ಬಿಚ್ಚಿ ಕೊಟ್ಟ ಬೋಲ್ಟುಗಳನ್ನು ಕೊಟ್ಟ ಕ್ರಮದಲ್ಲೇ ಸಾಲಾಗಿ ಇಡಬೇಕು. ಕ್ರಮ ತಪ್ಪಿದರೆ ಮತ್ತೆ ಕೂಡಿಸುವಾಗ ಒಂದು ಬೋಲ್ಟು ಉಳಿಯುತ್ತದೆ. ಉಳಿದ ಬೋಲ್ಟಿನಷ್ಟು ಹೆದರಿಕೆಯ ವಸ್ತು ಇನ್ನೊಂದಿಲ್ಲ ಎಂದು ಬಾಪ್ಪು ಹೇಳಿದ್ದರು.

ಐದನೆಯ ಕ್ಲಾಸಿನ ಪರೀಕ್ಷೆ ಮುಗಿದು ರಜೆ ಸಿಕ್ಕಿತ್ತು. ಸೋಫಿಯಾಳ ಅಪ್ಪ ಬಹರೈನಿನಲ್ಲಿ. ಅಮ್ಮ ಮಣಿಪಾಲದ ಆಸ್ಪತ್ರೆಯಲ್ಲಿ ನರ್ಸು. ಹಾಗಾಗಿ ಬೆಳಗ್ಗಿನಿಂದ ಸಂಜೆಯವರೆಗೆ ಅವಳಿಗೆ ಪಕ್ಕದ ಬಾಪ್ಪುವಿನ ಮನೆಯೇ ಮನೆ. ಬ್ಯಾಪ್ಟಿಸ್ಟ್ ಬಾಪ್ಪು ಅವಳ ಅಪ್ಪನ ತಮ್ಮ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವರು. ಅಣ್ಣನಿಗಿಂತ ಮೊದಲೇ ಬಹರೈನಿಗೆ ಹೋಗಿ ಹದಿನಾರು ವರ್ಷ ಮೆಕ್ಯಾನಿಕ್ ಆಗಿದ್ದು ಊರಿಗೆ ಬಂದವರು. ಯಾವ ಕಾರು ರಸ್ತೆಯಲ್ಲಿ ಹೋದರೂ ಕಣ್ಣು ಮುಚ್ಚಿಕೊಂಡು ಅದರ ಹೆಸರು ಹೇಳುತ್ತಿದ್ದರು.

"ಕಾರಿಗೆ ನಾಲ್ಕೇ ವಸ್ತು ಬೇಕು," ಎನ್ನುವುದು ಅವರ ಮಾತು. "ನೀರು, ಎಣ್ಣೆ, ಗಾಳಿ ಮತ್ತು ಕಿವಿ."

"ಕಿವಿ ಕಾರಿಗೆ ಎಲ್ಲಿ ಉಂಟು?" ಎಂದು ಮೊದಲ ಸಲ ಸೋಫಿಯಾ ಕೇಳಿದ್ದಳು.

"ಕಾರಿಗೆ ಬಾಯಿ ಮಾತ್ರ ಮಗಾ. ಕಿವಿ ನಮ್ಮದು."

ಮಾವ್ಶಿ ಈಗ ಲೆಕ್ಕದ ಚೀಟಿಯನ್ನು ಮಡಚಿ, ಸೊಂಟದಿಂದ ಒಂದು ಕಂದು ಲಕೋಟೆ ತೆಗೆದರು. "ಇನ್ನೊಂದು ಉಂಟು. ಪೋಸ್ಟಿನಲ್ಲಿ ಬಂದದ್ದು. ನಿಮ್ಮ ಹೊಸ ಕಾರು ರೆಡಿ ಅಂತೆ."

ಪಾದಗಳು ಒಮ್ಮೆಲೇ ಒಳಗೆ ಹೋದವು. ಇನ್ನೊಂದು ಬದಿಯಿಂದ ಬಾಪ್ಪುವಿನ ತಲೆ ಹೊರಗೆ ಬಂತು.

ಎರಡು ವರ್ಷದ ಹಿಂದೆ ಬಾಪ್ಪು ಹತ್ತು ಸಾವಿರ ಕಟ್ಟಿ ಒಂದು ಮಾರುತಿ ಕಾರಿಗೆ ಹೆಸರು ಕೊಟ್ಟಿದ್ದರು. ಪಟ್ಟಿಯಲ್ಲಿ ಅವರ ನಂಬರ್ ಬರಬೇಕಿತ್ತು. ಬಂದೇ ಬಂತು. ಏಪ್ರಿಲ್ ಮೂವತ್ತರ ಒಳಗೆ ಬಾಕಿ ಹಣ ಕಟ್ಟಬೇಕು. ಕಟ್ಟದಿದ್ದರೆ ಕಾರು ಪಟ್ಟಿಯಲ್ಲಿ ಮುಂದಿನವರಿಗೆ.

"ಬಹರೈನಿನ ಉಳಿತಾಯ ಎಲ್ಲ ಸೇರಿಸಿದರೂ ಹನ್ನೊಂದು ಸಾವಿರ ಕಡಿಮೆ ಬೀಳ್ತದೆ," ಎಂದರು ಮಾವ್ಶಿ.

ಬಾಪ್ಪು ಹಳೆಯ ಕಾರನ್ನು ನೋಡಿದರು. ಸೋಫಿಯಾ ಬಾಪ್ಪುವನ್ನು ನೋಡಿದಳು.

"ಇದನ್ನು ಮಾರ್ತೀರಾ?"

"ಮಾರದಿದ್ದರೆ ಅದು ಬರುವುದು ಹೇಗೆ?"

"ಹೊಸದಕ್ಕೆ ಮೂರೇ ಸಿಲಿಂಡರ್ ಅಂತೆ! ನಮ್ಮದಕ್ಕೆ ನಾಲ್ಕು ಉಂಟು."

ಬಾಪ್ಪು ನಕ್ಕರು. "ನಮ್ಮ ಅಡುಗೆಮನೆಯ ಸ್ಟೂಲಿಗೆ ಎಷ್ಟು ಕಾಲು?"

"ಮೂರು."

"ಅದು ಯಾವಾಗಾದರೂ ಅಲ್ಲಾಡಿದ್ದುಂಟಾ? ನಾಲ್ಕು ಕಾಲಿನ ಮೇಜಿನ ಅಡಿಗೆ ಕಾಗದ ಮಡಚಿ ಇಡ್ತೇವೆ. ಇನ್ನೊಂದು ಕೇಳು. ಈ ಕಾರು ಹೋಗುವುದು ಹಿಂದಿನ ಚಕ್ರ ತಳ್ಳಿ. ಹೊಸದು ಹೋಗುವುದು ಮುಂದಿನ ಚಕ್ರ ಎಳೆದು. ಗಾಡಿಗೆ ಎತ್ತು ಕಟ್ಟುವುದು ಎಲ್ಲಿ, ಹಿಂದೆಯಾ ಮುಂದೆಯಾ?"

"ಮುಂದೆ."

"ಹಾಗಾದರೆ ಬುದ್ಧಿ ಯಾರಿಗೆ ಹೆಚ್ಚು?"

ಸೋಫಿಯಾಳಿಗೆ ಉತ್ತರ ಗೊತ್ತಿತ್ತು. ಹೇಳಲು ಮಾತ್ರ ಮನಸ್ಸಾಗಲಿಲ್ಲ. ಬಾಪ್ಪು ಹಳೆಯ ಕಾರಿನ ಪರವಾಗಿ ಒಂದು ಮಾತಾದರೂ ಆಡಬೇಕಿತ್ತು ಎಂದು ಅವಳಿಗೆ ಅನಿಸಿತು.

ಮೊದಲ ಭಾನುವಾರವೇ ಕಾರು ನೋಡಲು ಧರ್ಮಪಾಲರು ಬಂದರು. ಕಾರ್ಕಳದಲ್ಲಿ ಅವರಿಗೆ ದಿನಸಿ ಅಂಗಡಿ. ಮನೆ ಕುಕ್ಕುಂದೂರಿನಲ್ಲಿ. ವಯಸ್ಸಾದ ಅಮ್ಮನನ್ನು ಬಸದಿಗೆ ಕರೆದುಕೊಂಡು ಹೋಗಲು ಅವರಿಗೊಂದು ಕಾರು ಬೇಕಿತ್ತು.

ಮಾವ್ಶಿ ಅವರಿಗೆ ಟೀ ಕೊಡಲಿಲ್ಲ. ಎಳನೀರಿನ ಬೊಂಡ ಕೆತ್ತಿಸಿ ಕೊಟ್ಟರು. "ಅವರು ಜೈನರು. ಮೀನು ಬೇಯಿಸುವ ಒಲೆಯ ಟೀ ಕೊಡುವುದು ಸರಿಯಲ್ಲ. ಬೊಂಡಕ್ಕೆ ಯಾವ ಒಲೆಯೂ ಇಲ್ಲ," ಎಂದು ಸೋಫಿಯಾಳ ಕಿವಿಯಲ್ಲಿ ಹೇಳಿದರು. ಸೋಫಿಯಾ ತಲೆಯಾಡಿಸಿದಳು. ಅವಳ ಕಣ್ಣೆಲ್ಲ ಧರ್ಮಪಾಲರ ಕೈಯಲ್ಲಿದ್ದ ಸ್ಕ್ರೂ ಡ್ರೈವರಿನ ಮೇಲಿತ್ತು.

ಅವರು ಅದರ ಹಿಡಿಯಿಂದ ಕಾರಿನ ತಳವನ್ನು ತಟ್ಟುತ್ತಾ ಬಂದರು. ಟಣ್. ಟಣ್. ಟಣ್. ಡಬ್.

"ಕೇಳಿತಾ ಬ್ಯಾಪ್ಟಿಸ್ಟರೇ?"

"ಕೇಳಿತು," ಎಂದರು ಬಾಪ್ಪು. "ಅಲ್ಲಿ ತುಕ್ಕು ಉಂಟು. ಹಿಂದಿನ ಸೀಟಿನ ಕಾಲಡಿಯಲ್ಲೂ ಉಂಟು, ಮ್ಯಾಟ್ ಎತ್ತಿ ನೋಡಿ. ಸುಳ್ಳು ಯಾಕೆ? ಕಡಲ ಬದಿಯ ಗಾಳಿ. ವಾರಕ್ಕೊಮ್ಮೆ ಬಾವಿ ನೀರು ಹಾಕಿ ತಳ ತೊಳೀತೇನೆ. ಆದರೂ ಉಪ್ಪು ಬಿಡುವುದಿಲ್ಲ."

"ಎಂಜಿನ್ ಮಾತ್ರ ಗಡಿಯಾರದ ಹಾಗೆ ಉಂಟು," ಎಂದರು ಧರ್ಮಪಾಲರು. "ಹದಿನಾಲ್ಕು ಸಾವಿರ ಕೊಡುವ ಅಂತ ಬಂದವ ನಾನು. ಈ ತುಕ್ಕಿಗೆ ಹನ್ನೆರಡೂವರೆ. ಬರುವ ಭಾನುವಾರ ಹಣ ತರ್ತೇನೆ. ಆಗ ಒಮ್ಮೆ ಓಡಿಸಿ ನೋಡ್ತೇನೆ, ಆಗಬಹುದಲ್ವಾ?"

ಬಾಪ್ಪು ಒಪ್ಪಿದರು. ಧರ್ಮಪಾಲರು ಬಸ್ಸಿಗೆ ಹೋದ ಮೇಲೆ ಮಾವ್ಶಿ ಬೆರಳು ಮಡಚಿದರು. "ಹನ್ನೊಂದು ಹೊಸ ಕಾರಿಗೆ. ಉಳಿದ ಒಂದೂವರೆ ಸಾವಿರ?"

"ನಿನ್ನ ಮಿಷನ್ನಿಗೆ," ಎಂದರು ಬಾಪ್ಪು. "ಈ ಸಲ ಮುಂದಿನ ತಿಂಗಳು ಇಲ್ಲ."

ಮಾವ್ಶಿ ಒಳಗೆ ಹೋಗುವಾಗ ಹಾಡು ಗುನುಗುತ್ತಿದ್ದರು. ಬಾಪ್ಪು ಮಾತ್ರ ಕಾರಿನ ಹತ್ತಿರ ಬಗ್ಗಿ 'ಡಬ್' ಎಂದ ಜಾಗವನ್ನು ಬೆರಳಿನಿಂದ ಸವರಿದರು. ತುಕ್ಕಿನ ಪುಡಿ ಬೆರಳಿಗೆ ಅಂಟಿತು. ಅವರು ಅದನ್ನು ಬಹಳ ಹೊತ್ತು ನೋಡಿದರು.

ಕಾರು ಹೋಗುವುದಾದರೆ ಹೀಗೆ ತುಕ್ಕಿನ ಹೆಸರು ಹೊತ್ತುಕೊಂಡು ಹೋಗಬಾರದು. ಸೋಫಿಯಾ ಆಗಲೇ ತೀರ್ಮಾನ ಮಾಡಿಬಿಟ್ಟಳು.

ಮರುದಿನ ಅವಳು ಕಡಲ ದಡಕ್ಕೆ ಹೋದಳು. ದೀಪಸ್ತಂಭದ ಈಚೆ ಮರಳಿನ ಮೇಲೆ ದೋಣಿಗಳು ಕವುಚಿ ಮಲಗಿದ್ದವು. ಅವಳ ಕ್ಲಾಸಿನ ನಳಿನಾಕ್ಷಿ ಅಪ್ಪನ ದೋಣಿಯ ಬೆನ್ನಿಗೆ ಒಂದು ಗೋಣಿತುಂಡಿನಿಂದ ಏನೋ ಉಜ್ಜುತ್ತಿದ್ದಳು. ಪಕ್ಕದಲ್ಲಿ ಅವಳ ಅಪ್ಪ ಲೀಲಾಧರ ಇನ್ನೊಬ್ಬರ ಹತ್ತಿರ ಗೊಣಗುತ್ತಿದ್ದರು.

"ನಿನ್ನೆಯೂ ಆ ಕಂಡಕ್ಟರ್ ಬುಟ್ಟಿ ಹತ್ತಿಸಲಿಕ್ಕೆ ಬಿಡಲಿಲ್ಲ ಮಾರಾಯ. ಪ್ಯಾಸೆಂಜರಿಗೆ ವಾಸನೆ ಅಂತೆ! ಹೆಬ್ರಿಯ ಜನಕ್ಕೆ ಮೀನು ಬೇಕು. ಮೀನಿಗೆ ಹೆಬ್ರಿಗೆ ಹೋಗ್ಲಿಕ್ಕೆ ಬಸ್ ಬೇಡ್ವಾ?"

ಸೋಫಿಯಾ ನಳಿನಾಕ್ಷಿಯ ಪಕ್ಕ ಕೂತಳು. "ನಿಮ್ಮ ದೋಣಿ ಯಾವಾಗಲೂ ಉಪ್ಪು ನೀರಲ್ಲೇ ಇರ್ತದಲ್ಲ. ಹಾಳಾಗೂದಿಲ್ವಾ?"

"ಯಾಕೆ ಹಾಳಾಗ್ತದೆ? ಇದು ಹಚ್ತೇವಲ್ಲ."

"ಇದು ಎಂತ?"

"ಬೂತಾಯಿ ಎಣ್ಣೆ. ಬೂತಾಯಿ ಮೀನು ಬೇಯಿಸಿದರೆ ಮೇಲೆ ಬರ್ತದಲ್ಲ, ಅದು. ಉಪ್ಪು ಹತ್ತಿರವೂ ಬರೂದಿಲ್ಲ."

"ಕಬ್ಬಿಣಕ್ಕೂ ಆಗ್ತದಾ?"

ನಳಿನಾಕ್ಷಿ ದೋಣಿಯ ತುದಿಯ ಕಬ್ಬಿಣದ ಬಳೆಯನ್ನು ತೋರಿಸಿದಳು. ಅದು ಕಪ್ಪಗೆ ಹೊಳೆಯುತ್ತಿತ್ತು. ಅದರ ಮೇಲೆ ತುಕ್ಕಿನ ಒಂದು ಚುಕ್ಕಿಯೂ ಇರಲಿಲ್ಲ. "ನೋಡು. ನನ್ನ ಅಜ್ಜನ ಕಾಲದ್ದು."

ಸೋಫಿಯಾ ಬಳೆಯನ್ನು ಮುಟ್ಟಿ ನೋಡಿದಳು. ಉಗುರಿನಿಂದ ಕೆರೆದು ನೋಡಿದಳು. ಬಾಪ್ಪು ನೋಡುವ ಹಾಗೆಯೇ ಒಂದು ಕಣ್ಣು ಮುಚ್ಚಿ ನೋಡಿದಳು.

"ವಾಸನೆ?"

"ಎರಡು ದಿನ. ಮತ್ತೆ ಗಾಳಿಗೆ ಹೋಗ್ತದೆ. ಎಷ್ಟು ಬೇಕು ನಿನಗೆ?"

ಶುಕ್ರವಾರ ಬಾಪ್ಪು ಬ್ಯಾಂಕಿನ ಕೆಲಸಕ್ಕೆ ಉಡುಪಿಗೆ ಹೋದರು. ಮಾವ್ಶಿ ಒಳಗೆ ಮಿಷನ್ ತಿರುಗಿಸುತ್ತಿದ್ದರು. ಸೋಫಿಯಾ ಗೋಣಿ ಹಾಸಿ ಕಾರಿನ ಅಡಿಗೆ ನುಸುಳಿದಳು. ನಳಿನಾಕ್ಷಿ ಹಾಲಿನ ಪುಡಿಯ ಡಬ್ಬದಲ್ಲಿ ತಂದ ಎಣ್ಣೆಯಲ್ಲಿ ಬಟ್ಟೆ ಅದ್ದಿ ಅದ್ದಿ ಕೊಟ್ಟಳು. ಮೊದಲು ತುಕ್ಕನ್ನು ತೆಂಗಿನ ನಾರಿನಿಂದ ಉಜ್ಜಿ, ಮತ್ತೆ ಎಣ್ಣೆ. ತಳ ಮುಗಿಯಿತು. ಒಳಗಿನ ಮ್ಯಾಟ್ ಎತ್ತಿ ಕಾಲಡಿಯ ತಗಡಿಗೂ ಹಚ್ಚಿದರು. ಡಿಕ್ಕಿಯೊಳಗೂ ಹಚ್ಚಿದರು. ಎಣ್ಣೆ ಇನ್ನೂ ಉಳಿದಿತ್ತು. ಉಳಿಸುವುದು ಯಾಕೆಂದು ಎಲ್ಲ ಕಡೆ ಇನ್ನೊಂದು ಕೈ ಹಚ್ಚಿದರು.

ಕೊನೆಗೆ ಸೋಫಿಯಾ ಮ್ಯಾಟುಗಳನ್ನು ನೀಟಾಗಿ ಹಾಸಿದಳು. ಮರಳು ಹೋಗಬಾರದೆಂದು ಗಾಜುಗಳನ್ನು ಬಿಗಿಯಾಗಿ ಏರಿಸಿದಳು. ಬಾಗಿಲುಗಳನ್ನು ಒಂದೊಂದಾಗಿ ಹಾಕಿದಳು. ಮೇಲೆ ಟಾರ್ಪಾಲು ಹೊದೆಸಿದಳು.

ಬಾಪ್ಪುವಿಗೆ ಹೇಳಲಿಲ್ಲ. ಭಾನುವಾರ ಧರ್ಮಪಾಲರು ತಟ್ಟಿ ನೋಡಿ, "ಅರೆ, ತುಕ್ಕು ಎಲ್ಲಿ?" ಎಂದು ಕೇಳಬೇಕು. ಆಗ ಹೇಳುವುದು.

ಶನಿವಾರ ಬಾಪ್ಪು ಹೊರಗಿನಿಂದ ಮಾತ್ರ ಪಾಲಿಶ್ ಮಾಡಿದರು. ಕಾರಿನ ಅಡಿಯಲ್ಲಿ ಐದು ಬೆಕ್ಕುಗಳಿದ್ದವು.

"ಎಂತ ಇದು, ಬೆಕ್ಕುಗಳ ಸಂಘದ ಮೀಟಿಂಗಾ?" ಎಂದು ಬಾಪ್ಪು ಬಟ್ಟೆ ಬೀಸಿ ಓಡಿಸಿದರು. ಅವು ಒಂದು ಸುತ್ತು ಹಾಕಿ ಮತ್ತೆ ಬಂದು ಕೂತವು. ವಾಸನೆ ಯಾರಿಗೂ ವಿಶೇಷ ಅನಿಸಲಿಲ್ಲ. ಕಾಪುವಿನಲ್ಲಿ ಗಾಳಿಗೇ ಮೀನಿನ ವಾಸನೆ. ಅದು ಬಾರದಿದ್ದರೆ ಮಾತ್ರ ಜನ ತಲೆಯೆತ್ತಿ ನೋಡುತ್ತಾರೆ.

ಭಾನುವಾರ ಧರ್ಮಪಾಲರು ಬರುವುದಿದೆ ಎಂದು ಮಾವ್ಶಿ ಮನೆಯಲ್ಲಿ ಮೀನು ಬೇಯಿಸಲಿಲ್ಲ. ಇಗರ್ಜಿಯ ಪೂಜೆ ಮುಗಿಸಿ ಬಂದ ಬಾಪ್ಪು ಬಿಳಿ ಅಂಗಿಯಲ್ಲೇ ಕಾರಿನ ಪಕ್ಕ ನಿಂತಿದ್ದರು. ಧರ್ಮಪಾಲರ ಕೈಯಲ್ಲಿ ಹಣದ ಚೀಲ ಇತ್ತು. ಅವರು ಸ್ಟಿಯರಿಂಗ್ ಹಿಡಿದರು. ಪಕ್ಕದಲ್ಲಿ ಬಾಪ್ಪು. ಹಿಂದಿನ ಸೀಟಿನಲ್ಲಿ ಸೋಫಿಯಾ.

ಕಾರು ಹೆದ್ದಾರಿ ಹಿಡಿದು ಕಟಪಾಡಿಯ ಕಡೆ ಹೊರಟಿತು. ಧರ್ಮಪಾಲರು ಗಾಜು ಇಳಿಸಿದರು.

"ನಿಮ್ಮ ಊರಿನಲ್ಲಿ ಮೀನು ಒಣಗಿಸುವುದು ಜಾಸ್ತಿ ಅಲ್ವಾ?"

"ಕಡಲ ಬದಿ ಅಲ್ವಾ. ಪೇಟೆ ದಾಟಿದರೆ ಸರಿ ಆಗ್ತದೆ," ಎಂದರು ಬಾಪ್ಪು.

ಪೇಟೆ ದಾಟಿತು. ಎರಡೂ ಕಡೆ ಗದ್ದೆ ಬಂತು.

"ಇಲ್ಲಿಯೂ ಒಣಗಿಸ್ತಾರಾ?"

"ಇಲ್ಲ. ಇಲ್ಲಿ ಉದ್ದು ಬೆಳೀತಾರೆ."

ಒಂದು ಶಾಲೆ ಬಂತು. ಒಂದು ಅಶ್ವತ್ಥ ಕಟ್ಟೆ ಬಂತು. ಅವು ಬಂದವು, ಹಿಂದೆ ಹೋದವು. ವಾಸನೆ ಮಾತ್ರ ಹಿಂದೆ ಹೋಗಲಿಲ್ಲ. ಕಾರು ಎಷ್ಟು ಜೋರಾಗಿ ಹೋಯಿತೋ ಅದೂ ಅಷ್ಟೇ ಜೋರಾಗಿ ಜೊತೆಗೆ ಬಂತು. ಎರಡು ದಿನ ಬಿಸಿಲಿನಲ್ಲಿ ಮುಚ್ಚಿಟ್ಟ ಕಾರು ಈಗ ಬಾಯಿ ಬಿಟ್ಟಿತ್ತು. ಬೊಂಡ ಯಾಕೆ ಕೊಟ್ಟದ್ದೆಂದು ಮಾವ್ಶಿ ಕಿವಿಯಲ್ಲಿ ಹೇಳಿದ ಮಾತು ಸೋಫಿಯಾಳಿಗೆ ನೆನಪಾದದ್ದು ಆಗ.

ಧರ್ಮಪಾಲರು ಕಾರನ್ನು ಬದಿಗೆ ನಿಲ್ಲಿಸಿ ಇಳಿದುಬಿಟ್ಟರು. ಮೂಗಿನ ಮೇಲೆ ಕರ್ಚೀಫು.

"ಬ್ಯಾಪ್ಟಿಸ್ಟರೇ, ಇದರೊಳಗೆ ಎಂತ ಉಂಟು?"

ಬಾಪ್ಪು ಗಾಬರಿಯಾದರು. "ಎಂಜಿನ್ ಉಂಟು. ನಾಲ್ಕು ಗೇರ್ ಉಂಟು..."

"ಮೀನು ಉಂಟು ಮಾರ್ರೆ!"

ಬಾಪ್ಪು ಇಳಿದರು. ಡಿಕ್ಕಿ ತೆರೆದರು. ಸೀಟಿನ ಅಡಿ ನೋಡಿದರು. ಮ್ಯಾಟಿನ ತುದಿ ಎತ್ತಿದರು. ತಗಡು ಜೇನಿನ ಬಣ್ಣದಲ್ಲಿ ಹೊಳೆಯಿತು. ಅವರು ಬೆರಳು ಇಟ್ಟು ಮೂಸಿದರು.

"ನಾನು ಹಚ್ಚಿದ್ದು," ಎಂದಳು ಸೋಫಿಯಾ. ಯಾರೂ ಕೇಳುವ ಮೊದಲೇ ಹೇಳಿದಳು. "ಬೂತಾಯಿ ಎಣ್ಣೆ. ತುಕ್ಕು ಹೋಗಲಿ ಅಂತ. ದೋಣಿಗೆ ಹಚ್ತಾರಲ್ಲ, ಹಾಗೆ. ಎರಡು ದಿನದಲ್ಲಿ ವಾಸನೆ ಹೋಗ್ತದೆ ಅಂತ ನಳಿನಾಕ್ಷಿ ಅಂದಿದ್ದಳು..."

ಒಂದು ಲಾರಿ ಹಾರ್ನ್ ಹೊಡೆದು ಹೋಯಿತು.

ಧರ್ಮಪಾಲರು ಕರ್ಚೀಫಿನ ಮೇಲಿನಿಂದ ಅವಳನ್ನು ನೋಡಿದರು. ಅವರ ಕಣ್ಣಿನಲ್ಲಿ ಸಿಟ್ಟು ಇರಲಿಲ್ಲ. "ಕೆಲಸ ಚೊಕ್ಕವಾಗಿಯೇ ಮಾಡಿದ್ದೀ ಮಗೂ. ಆದರೆ ನನ್ನ ಅಮ್ಮ ನೀರುಳ್ಳಿಯ ವಾಸನೆಗೇ ಬಾಗಿಲು ಹಾಕುವವರು. ಇದರಲ್ಲಿ ಕೂತು ಬಸದಿಗೆ ಹೋಗುವುದು ಹೇಗೆ?" ಬಾಪ್ಪುವಿನ ಕಡೆ ತಿರುಗಿದರು. "ಕಾರು ಒಳ್ಳೆಯದು ಬ್ಯಾಪ್ಟಿಸ್ಟರೇ. ನನಗೆ ಆಗೂದಿಲ್ಲ, ಅಷ್ಟೇ. ಬೇಸರ ಮಾಡಬೇಡಿ."

ಉಡುಪಿಯ ಬಸ್ಸು ಬಂತು. ಅವರು ಹಣದ ಚೀಲ ಕಂಕುಳಲ್ಲಿ ಇಟ್ಟುಕೊಂಡು ಹತ್ತಿ ಹೋದರು.

ಬಾಪ್ಪು ಸ್ಟಿಯರಿಂಗಿನ ಮುಂದೆ ಕೂತರು. ಕಾರು ಸ್ಟಾರ್ಟ್ ಮಾಡಲಿಲ್ಲ. ಸೋಫಿಯಾ ಹಿಂದೆ ಕೂತು ತನ್ನ ಮೊಣಕಾಲು ನೋಡುತ್ತಿದ್ದಳು. ಬೈದಿದ್ದರೆ ಒಳ್ಳೆಯದಿತ್ತು.

"ದೋಣಿಗೆ ಎಷ್ಟು ಬಾಗಿಲು ಮಗಾ?" ಎಂದು ಬಾಪ್ಪು ಕೊನೆಗೆ ಕೇಳಿದರು.

"ದೋಣಿಗೆ ಬಾಗಿಲಿಲ್ಲ."

"ಕಾರಿಗೆ?"

"ನಾಲ್ಕು." ಸೋಫಿಯಾಳ ದನಿ ಸಣ್ಣದಾಯಿತು. "ನಾಲ್ಕೂ ನಾನೇ ಹಾಕಿದ್ದು. ಗಾಜನ್ನೂ ಏರಿಸಿದೆ."

ಬಾಪ್ಪು ಹೂಂಗುಟ್ಟಿದರು. ಆಮೇಲೆ ಇಳಿದು ಹಿಂದಿನ ಬಾಗಿಲು ತೆರೆದು, ಸ್ಕ್ರೂ ಡ್ರೈವರಿನಿಂದ ಕಾಲಡಿಯ ತುಕ್ಕನ್ನು ಕೆರೆದರು. ಇನ್ನೊಮ್ಮೆ ಕೆರೆದರು. ಬಿಳಿ ಅಂಗಿ ಹಾಕಿದ್ದು ಮರೆತು ರಸ್ತೆಯ ಮೇಲೇ ಮಲಗಿ ತಳವನ್ನು ನೋಡಿದರು.

"ಇಲ್ಲಿ ಬಾ, ನೋಡು," ಎಂದು ಅಡಿಯಿಂದ ಕರೆದರು. "ಚಿಪ್ಪು ಏಳುವುದೇ ಇಲ್ಲ! ಎಣ್ಣೆ ತುಕ್ಕಿನ ಒಳಗೆ ಇಳಿದು ಒಣಗಿಬಿಟ್ಟಿದೆ. ಎಷ್ಟು ಕೈ ಹಚ್ಚಿದ್ದು, ಒಂದಾ ಎರಡಾ?"

"ಎರಡು."

"ಮೊದಲು ಉಜ್ಜಿದ್ದಾ?"

"ತೆಂಗಿನ ನಾರಿನಲ್ಲಿ."

"ಹದಿನಾರು ವರ್ಷ ಎಂತೆಂತ ಕಂಪೆನಿಯ ಪೇಂಟ್ ಬಳಿದಿದ್ದೇನೆ ಮಗಾ. ಇದು ನನಗೆ ಗೊತ್ತೇ ಇರಲಿಲ್ಲ." ಬಾಪ್ಪು ಎದ್ದು ಬೆನ್ನಿನ ಮಣ್ಣು ಕೊಡವಿಕೊಂಡರು. "ತುಕ್ಕಿಗೆ ಮದ್ದು ಸರಿ ಉಂಟು. ಕೂರುವವರು ಯಾರು ಅಂತ ನೀನು ಕೇಳಲಿಲ್ಲ."

ಮುಂದಿನ ಒಂದು ವಾರ ಮನೆಯವರೆಲ್ಲ ಆ ಕಾರನ್ನು ತೊಳೆದರು. ಸೋಪಿನ ನೀರು ಹಾಕಿದರು. ಅಂಟುವಾಳ ಹಾಕಿದರು. ಹುಣಸೆ ಹುಳಿ ಹಾಕಿದರು. ಮಾವ್ಶಿ ಲಿಂಬೆಹಣ್ಣು ಹಿಂಡಿದಾಗ ಕಾರು ಮೀನಿನ ಉಪ್ಪಿನಕಾಯಿಯ ಹಾಗೆ ನಾರಿತು. ಸೋಫಿಯಾಳ ಅಮ್ಮ ಆಸ್ಪತ್ರೆಯಲ್ಲಿ ಕೇಳಿಕೊಂಡು ಬಂದು ಫಿನಾಯಿಲ್ ಹಾಕಿದರು. ಆಮೇಲೆ ಬೆಕ್ಕುಗಳೂ ದೂರ ಹೋದವು.

ಇನ್ನಿಬ್ಬರು ಬಂದು ನೋಡಿದರು. ಒಬ್ಬರು ಬಾಗಿಲು ತೆರೆದು ಹಾಗೆಯೇ ಮುಚ್ಚಿದರು. ಇನ್ನೊಬ್ಬರು ಏಳು ಸಾವಿರ ಎಂದರು.

ಏಪ್ರಿಲ್ ಮುಗಿಯಲು ನಾಲ್ಕೇ ದಿನ ಉಳಿಯಿತು. ಕಂದು ಲಕೋಟೆ ಗೋಡೆಯ ಮೊಳೆಗೆ ಚುಚ್ಚಿಕೊಂಡು ಹಾಗೇ ಇತ್ತು. ಬಾಪ್ಪು ಅದರ ಎದುರಿನಿಂದ ಹೋಗುವಾಗ ಬೇರೆ ಕಡೆ ನೋಡುತ್ತಿದ್ದರು. ಹೊಸ ಕಾರಿನ ಎಂಜಿನ್ನು ಅಡ್ಡಕ್ಕೆ ಕೂತಿರುತ್ತದೆ, ಅದಕ್ಕೆ ಅಷ್ಟು ಸಣ್ಣ ಬಾನೆಟ್ ಸಾಕಾಗುತ್ತದೆ ಎಂದೆಲ್ಲ ಮೊದಲು ದಿನಕ್ಕೆ ಹತ್ತು ಸಲ ಹೇಳುತ್ತಿದ್ದವರು ಈಗ ಆ ಮಾತೇ ಎತ್ತುತ್ತಿರಲಿಲ್ಲ.

ಸೋಫಿಯಾ ಮತ್ತೆ ದಡಕ್ಕೆ ಓಡಿದಳು.

"ಈ ಎಣ್ಣೆ ತೆಗೆಯುವುದು ಹೇಗೆ?" ಎಂದು ಕ್ಷೇಮ ಸಮಾಚಾರವನ್ನೂ ವಿಚಾರಿಸದೆ ನಳಿನಾಕ್ಷಿಯನ್ನು ಕೇಳಿದಳು.

"ತೆಗೆಯುವುದಾ? ನಾವು ಯಾವತ್ತೂ ತೆಗೆದದ್ದಿಲ್ಲ ಮಾರಾಯ್ತಿ. ಯಾಕೆ ತೆಗೀಬೇಕು?"

ಸೋಫಿಯಾ ಎಲ್ಲ ಹೇಳಿದಳು. ಧರ್ಮಪಾಲರು, ಬಸದಿ, ಲಿಂಬೆಹಣ್ಣು, ಏಳು ಸಾವಿರ. ಬಲೆಗೆ ಗಂಟು ಹಾಕುತ್ತಿದ್ದ ಲೀಲಾಧರ ಮೊದಲು ಮೆಲ್ಲಗೆ ನಕ್ಕರು. ಮತ್ತೆ ಜೋರಾಗಿ ನಕ್ಕರು. ಆಮೇಲೆ ಅವರ ನಗು ನಿಂತಿತು.

"ಡಿಕ್ಕಿಗೂ ಹಚ್ಚಿದ್ದೀರಾ?"

"ಹೂಂ."

"ಒಳಗೆ ಪೂರ್ತಿ?"

"ಪೂರ್ತಿ."

ಲೀಲಾಧರ ಬಲೆಯನ್ನು ಕೆಳಗಿಟ್ಟರು. "ಹಿಂದಿನ ಸೀಟು ಬಿಚ್ಚಿದರೆ ಎಷ್ಟು ಬುಟ್ಟಿ ಹಿಡಿಯಬಹುದು?"

ಸೋಫಿಯಾಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಬೆರಳು ಮಡಚಿ ಎಣಿಸತೊಡಗಿದಳು. ಆ ಕಾರಿನ ಅಳತೆ ಅವಳಿಗೆ ಗೇಣುಗೇಣಾಗಿ ಗೊತ್ತಿತ್ತು. "ಒಳಗೆ ಆರು. ಡಿಕ್ಕಿಯಲ್ಲಿ ಮೂರು. ಸೀಟು ಬಿಚ್ಚಲಿಕ್ಕೆ ನಾಲ್ಕೇ ಬೋಲ್ಟು."

ಅವತ್ತು ಸಂಜೆಯೇ ಲೀಲಾಧರ ಬಂದರು. ಮೂಗು ಮುಚ್ಚಲಿಲ್ಲ. ಒಳಗೆ ತಲೆ ಹಾಕಿ, "ಒಳ್ಳೆ ಉಂಟು" ಎಂದರು. ಬಾಪ್ಪು ಎಂಜಿನ್ ಸ್ಟಾರ್ಟ್ ಮಾಡಿ ತೋರಿಸಿದರು.

"ಪೊರ್ಬುಗಳೇ," ಎಂದರು ಲೀಲಾಧರ. ಊರಿನವರು ಬಾಪ್ಪುವನ್ನು ಮರ್ಯಾದೆಯಿಂದ ಕರೆಯುವುದು ಹಾಗೆಯೇ. "ಅಣ್ಣನೂ ನಾನೂ ಸೇರಿ ಹನ್ನೊಂದು ಸಾವಿರ ಕೊಡಬಹುದು. ಅದರ ಮೇಲೆ ನಮ್ಮಲ್ಲಿ ಇಲ್ಲ. ಸುಳ್ಳು ಹೇಳೂದಿಲ್ಲ."

ಬಾಪ್ಪು ಮಾವ್ಶಿಯನ್ನು ನೋಡಿದರು. ಮಾವ್ಶಿ ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಕೊಡಿ," ಎಂದರು. "ಕಾರು ಊರಲ್ಲೇ ಇರ್ತದೆ."

ಬಾಪ್ಪು ಲೀಲಾಧರರಿಗೆ ಕೀ ಕೊಡುವ ಮೊದಲು ಹೇಳಿದ್ದು ಒಂದೇ ಮಾತು. "ಬೆಳಿಗ್ಗೆ ನೀರು ನೋಡಿ, ಎಣ್ಣೆ ನೋಡಿ, ಗಾಳಿ ನೋಡಿ. ಸ್ಟಾರ್ಟ್ ಮಾಡಿ, ಹೊರಡುವ ಮೊದಲು ಒಂದು ನಿಮಿಷ ಸುಮ್ಮನೆ ನಿಂತು ಕೇಳಿ."

ಸೋಫಿಯಾ ಕುಣಿಯುವುದೊಂದು ಬಾಕಿ.

ಮೇ ತಿಂಗಳಲ್ಲಿ ಹೊಸ ಕಾರು ಬಂತು. ಬಿಳಿ ಬಣ್ಣ. ಪೇಟೆಯ ಜನ ಅರ್ಧ ದಿನ ಅದರ ಸುತ್ತ ನಿಂತರು. ಬಾಪ್ಪು ಬಾನೆಟ್ ತೆರೆದು ತೋರಿಸಿ ತೋರಿಸಿ ದಣಿದರು. ಸೋಫಿಯಾಳ ಅಮ್ಮನನ್ನು ಮಣಿಪಾಲಕ್ಕೆ ಬಿಡಲು ಹೋಗುವಾಗ ಏರಿನಲ್ಲಿ ಅದು ಗೇರ್ ಬದಲಿಸದೆಯೇ ಹತ್ತಿತು. ಸೋಫಿಯಾ ಅದನ್ನು ಒಪ್ಪಿಕೊಳ್ಳಲೇಬೇಕಾಯಿತು.

ಆದರೆ ಬಾಪ್ಪುವಿಗೆ ಕೆಲಸವೇ ಇರಲಿಲ್ಲ. ಬೆಳಿಗ್ಗೆ ಬಾನೆಟ್ ತೆರೆಯುತ್ತಿದ್ದರು. ನೋಡುತ್ತಿದ್ದರು. ಮುಚ್ಚುತ್ತಿದ್ದರು.

"ಏನಾದರೂ ಬಿಚ್ಚುವ ಬಾಪ್ಪು," ಎಂದು ಸೋಫಿಯಾ ತಟ್ಟೆ ಹಿಡಿದುಕೊಂಡು ಬರುತ್ತಿದ್ದಳು.

"ಬಿಚ್ಚಲಿಕ್ಕೆ ಎಂತವೂ ಇಲ್ಲ ಮಗಾ. ಮೆಕ್ಯಾನಿಕ್ ಬೇಡದ ಕಾರು ಮಾಡಿದವನೇ ದೊಡ್ಡ ಮೆಕ್ಯಾನಿಕ್." ಅವರು ಹೆಮ್ಮೆಯಿಂದಲೇ ಹೇಳುತ್ತಿದ್ದರು. ಹೇಳಿ, ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿ ಮತ್ತೆ ಪೆಟ್ಟಿಗೆಯೊಳಗೆ ಇಡುತ್ತಿದ್ದರು.

ದಿನಾ ಬೆಳಿಗ್ಗೆ ಆರೂವರೆಗೆ ಹಳೆಯ ಫಿಯೆಟ್ ಒಂಬತ್ತು ಬುಟ್ಟಿ ಹೊತ್ತು ಹೆಬ್ರಿಗೆ ಹೊರಡುತ್ತಿತ್ತು. ಗೇಟಿನ ಎದುರು ಲೀಲಾಧರ ಒಂದು ಹಾರ್ನ್ ಹೊಡೆಯುತ್ತಿದ್ದರು. ಬಾಪ್ಪು ಟೀ ಲೋಟ ಹಿಡಿದು ಕಣ್ಣು ಮುಚ್ಚಿ ಕೇಳುತ್ತಿದ್ದರು. "ಟ್ಯಾಪೆಟ್ ಸ್ವಲ್ಪ ಲೂಸ್ ಆಗಿದೆ. ಸಂಜೆ ಬರಲಿಕ್ಕೆ ಹೇಳಬೇಕು," ಎನ್ನುತ್ತಿದ್ದರು.

ಸೋಫಿಯಾಳೂ ಕಣ್ಣು ಮುಚ್ಚಿ ಕೇಳುವುದನ್ನು ಕಲಿತಳು.

ಮೇ ಕೊನೆಯ ಒಂದು ಬೆಳಿಗ್ಗೆ ಅವಳು ಹಾಗೆ ಕೂತಿದ್ದಾಗ, ಫಿಯೆಟಿನ ಸದ್ದು ದೂರ ಹೋಗಿ ನಿಂತ ಮೇಲೆ, ಇನ್ನೊಂದು ಸದ್ದು ಕೇಳಿತು. ಕಿರ್ರ್, ಕಿರ್ರ್, ಕಟ್. ಸ್ವಲ್ಪ ನಿಂತು ಮತ್ತೆ ಕಿರ್ರ್, ಕಿರ್ರ್, ಕಟ್.

ಆ ಸದ್ದು ರಜೆಯುದ್ದಕ್ಕೂ ಮನೆಯೊಳಗಿನಿಂದ ಬರುತ್ತಲೇ ಇತ್ತು. ಅವಳು ಕೇಳಿರಲಿಲ್ಲ, ಅಷ್ಟೇ.

ಅವಳು ಒಳಗೆ ಹೋದಳು. ಶಾಲೆ ಶುರುವಾಗಲು ಹತ್ತೇ ದಿನ. ಮಾವ್ಶಿಯ ಸುತ್ತ ನೀಲಿ ಯೂನಿಫಾರ್ಮ್ ಬಟ್ಟೆಗಳ ರಾಶಿ. ಎಡಗೈಯಲ್ಲಿ ಬಟ್ಟೆ, ಬಲಗೈಯಲ್ಲಿ ಹಿಡಿ. ನಾಲ್ಕು ಸುತ್ತು ತಿರುಗಿಸುತ್ತಿದ್ದರು, ನಿಂತು ಭುಜ ಒತ್ತಿಕೊಳ್ಳುತ್ತಿದ್ದರು, ಮತ್ತೆ ನಾಲ್ಕು ಸುತ್ತು.

ಸೋಫಿಯಾ ಬಾಗಿಲಲ್ಲೇ ನಿಂತಳು. ಹನ್ನೆರಡೂವರೆಯಲ್ಲಿ ಹನ್ನೊಂದು ಕಳೆದಳು. ಆ ದಿನ ಮಾವ್ಶಿ "ಕೊಡಿ" ಎನ್ನುವ ಮೊದಲು ಯಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು ಎಂಬುದು ಅವಳಿಗೆ ಈಗ ಗೊತ್ತಾಯಿತು.

"ಎಂತ ನೋಡ್ತಿ?" ಎಂದರು ಮಾವ್ಶಿ. "ನಿನ್ನ ಸ್ಕರ್ಟೇ ಇದು. ಉದ್ದ ಆಗಿದ್ದೀ ಈ ವರ್ಷ."

"ಇದು ಕಿರ್ರ್ ಅಂತ ಉಂಟು. ಎಣ್ಣೆ ಬೇಕು ಇದಕ್ಕೆ."

ಸೋಫಿಯಾ ಬಾಪ್ಪುವಿನ ಪೆಟ್ಟಿಗೆಯಿಂದ ಉದ್ದ ಮೂತಿಯ ಎಣ್ಣೆ ಡಬ್ಬಿ ತಂದಳು. ಹನಿ ಬಿಡುವ ಮೊದಲು ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು ಚೆನ್ನಾಗಿ ಮೂಸಿದಳು. ಮಾವ್ಶಿ ಬಾಯಿ ಮುಚ್ಚಿಕೊಂಡು ನಕ್ಕರು. ಅವರ ಕಣ್ಣಿನಲ್ಲಿ ನೀರು ಬರುವಷ್ಟು ನಕ್ಕರು.

"ಸರಿದು ಕೂತುಕೊಳ್ಳಿ," ಎಂದಳು ಸೋಫಿಯಾ. "ನೀವು ಬಟ್ಟೆ ಹಿಡಿಯಿರಿ. ತಿರುಗಿಸುವುದು ನಾನು."

ಹಿಡಿ ತಣ್ಣಗಿತ್ತು. ಎಣಿಸಿದ್ದಕ್ಕಿಂತ ಭಾರ ಇತ್ತು. ಹತ್ತು ಸುತ್ತಿಗೆ ಕಿರ್ರ್ ಸದ್ದು ನಿಂತಿತು. ಇಪ್ಪತ್ತು ಸುತ್ತಿಗೆ ಅವಳ ಭುಜ ನೋಯಲು ಶುರುವಾಯಿತು. ಅವಳು ನಿಲ್ಲಿಸಲಿಲ್ಲ.

ಹೊಸ ಕಾರು ಬಂದಿತ್ತು. ಹಳೆಯ ಕಾರು ಊರಿನಲ್ಲೇ ಉಳಿದಿತ್ತು. ಮಾವ್ಶಿಯ ಮಿಷನ್ನು ಬಂದಿರಲಿಲ್ಲ.